ಪ್ಯಾಕೆಟ್ಟಿನ ಮೇಲಿನ ಅಜ್ಜಿ ಯಾರ ಅಜ್ಜಿ?

ಮುಂಬಯಿಯ ಮಾಟುಂಗಾದಲ್ಲಿ ಒಂದು ಭಾನುವಾರ ಸಂಜೆ ಕನ್ನಡ ಗೆಳೆಯರ ಕೂಟದಲ್ಲಿ, ಪ್ಯಾಕೆಟ್ಟಿಗೆ ಹೋದ ಅಡುಗೆ ಯಾರದ್ದು ಅನ್ನುವ ಬಗ್ಗೆ ಆಡಿದ ಮಾತುಗಳಿವು. ಆಮೇಲೆ ಮನೆಯಲ್ಲಿ ಕೂತು ಬರೆದೆ. ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ನಡುವೆ ಸಭೆಯಿಂದ ತೂರಿಬಂದ ಮಾತುಗಳಲ್ಲಿ ನೆನಪಿದ್ದಷ್ಟನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬರುವ ದಾರಿಯಲ್ಲಿ ಸೂಪರ್‌ಮಾರ್ಕೆಟ್ಟಿಗೆ ನುಗ್ಗಿ ಮೂರು ಐಟಂ ತಂದಿದ್ದೇನೆ. ಮೇಜಿನ ಮೇಲಿವೆ ನೋಡಿ. ಒಂದು ವಾಂಗಿಭಾತ್ ಪುಡಿ. ಒಂದು ಷೆಜ್ವಾನ್ ಚಟ್ನಿ ಬಾಟಲಿ. ಇನ್ನೊಂದು 'ಮ್ಯಾಂಗಲೋರಿಯನ್ ಘೀ ರೋಸ್ಟ್' ಪೇಸ್ಟ್. ಎರಡರ ಮೇಲೆ 'ಅಥೆಂಟಿಕ್', ಅಂದರೆ ಅಸಲಿ, ಅಂತ ಬರೆದಿದೆ. ಮೂರನೆಯದರ ಮೇಲೆ ಡ್ರ್ಯಾಗನ್ ಚಿತ್ರ ಇದೆ. ಅದೂ ಅದೇ ಮಾತು, ಚಿತ್ರದಲ್ಲಿ.

ಕುಂದಾಪುರದವರು ಎಷ್ಟು ಜನ ಇದ್ದೀರಿ? ಸುಮಾರು ಕೈ ಎದ್ದಿವೆ. ನಿಮಗೆ ಈಗಲೇ ಹೊಟ್ಟೆ ಉರಿಯಲು ಶುರುವಾಗಿರಬೇಕು. ಘೀ ರೋಸ್ಟ್, ಅಂದರೆ ತುಪ್ಪದಲ್ಲಿ ಹುರಿದ ಖಾರದ ಕೋಳಿ, ಹುಟ್ಟಿದ್ದು ಕುಂದಾಪುರದ ಹೋಟೆಲಿನಲ್ಲಿ. ಪ್ಯಾಕೆಟ್ಟಿನಲ್ಲಿ ಅದು ಮಂಗಳೂರಿನದ್ದಾಗಿದೆ. ಮುಂಬಯಿಗೆ ಬಂದ ಮೇಲೆ ಕಾರವಾರದ ಆಚೆಗಿನ ಕರಾವಳಿಯೆಲ್ಲ ಮಂಗಳೂರೇ. ಹಿಂದೆ ವಿಂಧ್ಯದ ಆಚೆಗಿನವರೆಲ್ಲ ಮದ್ರಾಸಿಗಳಾಗಿದ್ದರಲ್ಲ, ಹಾಗೆ.

ನನ್ನ ಬಗ್ಗೆ ಎರಡು ಮಾತು. ಅಪ್ಪಯ್ಯ ಕುಂದಾಪುರದ ಕಡೆಯವರು. ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದರು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದರು, ಟೇಬಲ್ ಒರೆಸಿದರು, ರಾತ್ರಿ ಶಾಲೆಯಲ್ಲಿ ಕಲಿತರು, ಕೊನೆಗೆ ಗಲ್ಲಾದಲ್ಲಿ ಕೂತರು. ಈ ಸಭೆಯಲ್ಲಿ ಅರ್ಧ ಜನರ ಮನೆಯ ಕತೆ ಇದೇ, ಹಾಗಾಗಿ ಬೆಳೆಸುವುದಿಲ್ಲ. ನಾನು ಆಹಾರ ವಿಜ್ಞಾನ ಓದಿ, ಠಾಣೆ ಕಡೆಯ ಒಂದು ಪ್ಯಾಕೆಟ್ ಊಟದ ಕಂಪನಿಯಲ್ಲಿ 22 ವರ್ಷ ದುಡಿದೆ. ಲೇಬಲ್ ವಿಭಾಗ. ಪ್ಯಾಕೆಟ್ಟಿನ ಮುಂಭಾಗ ಮಾರ್ಕೆಟಿಂಗಿನವರದ್ದು, ಹಿಂಭಾಗ ನನ್ನದು. ಇವತ್ತು ಮಾತಾಡುವುದು ಆ ಹಿಂಭಾಗದವಳು ಅಂತ ಇಟ್ಟುಕೊಳ್ಳಿ.

ಕೂಟದವರು ಕೊಟ್ಟ ವಿಷಯ 'ಕಲ್ಚರಲ್ ಅಪ್ರೋಪ್ರಿಯೇಷನ್'. ಒಂದು ಮಂದಿಯ ಅಡುಗೆಯನ್ನೋ ಉಡುಗೆಯನ್ನೋ ಬೇರೆಯವರು ಅವರನ್ನು ಕೇಳದೆ, ಅವರ ಹೆಸರು ಹೇಳದೆ ತಮ್ಮದು ಮಾಡಿಕೊಳ್ಳುವುದು. ಕನ್ನಡದಲ್ಲಿ ಸಾಂಸ್ಕೃತಿಕ ಸ್ವಾಧೀನ ಅನ್ನುತ್ತಾರಂತೆ. ಸ್ವಾಧೀನ ಅಂದರೆ ನನಗೆ ರಸ್ತೆ ಅಗಲ ಮಾಡಲು ಜಮೀನು ತೆಗೆದುಕೊಂಡ ಹಾಗೆ ಕೇಳುತ್ತದೆ. ಇರಲಿ. ಅಲ್ಲಿ ಪರಿಹಾರವಾದರೂ ಸಿಗುತ್ತದೆ.

ಮೊದಲು ಹೊರಗೆ ಹೋಗಿ ಬರೋಣ. ಈ ಸಭಾಂಗಣದಿಂದ ಹತ್ತು ನಿಮಿಷದ ನಡಿಗೆಯಲ್ಲಿ ಮೂರು ಹಳೇ ಹೋಟೆಲುಗಳಿವೆ. 1936ರ ಕೆಫೆ ಮೈಸೂರು. 1940ರ ಕೆಫೆ ಮದ್ರಾಸ್. ಸ್ಟೇಷನ್ ಹತ್ತಿರ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಮೈಸೂರು, ಮದ್ರಾಸ್, ಉಡುಪಿ, ಮೂರು ಊರಿನ ಹೆಸರು. ಹುಟ್ಟು ಹಾಕಿದವರು ನೋಡಿದರೆ ಎಲ್ಲರೂ ನಮ್ಮ ಕರಾವಳಿಯ ಕಡೆಯವರೇ. ಕೆಫೆ ಮೈಸೂರನ್ನು ಶುರು ಮಾಡಿದ್ದೂ ರಾಮ ನಾಯಕರೇ. ಮದ್ರಾಸ್ ಕೆಫೆ ಕಾಮತರದ್ದು. ಕರಾವಳಿಯವರು ಮದ್ರಾಸ್ ಅಂತ ಬೋರ್ಡು ಹಾಕಿದ್ದು ಸುಳ್ಳಲ್ವಾ ಅಂತ ನಾನು ಚಿಕ್ಕವಳಿದ್ದಾಗ ಅಪ್ಪಯ್ಯನನ್ನು ಕೇಳಿದ್ದೆ. ಅವರು ನಕ್ಕು, "ನಾನು ಹುಟ್ಟಿದ್ದೇ ಮದ್ರಾಸಿನಲ್ಲಿ" ಅಂದರು.

ಅದು ನಿಜ. ಬ್ರಿಟಿಷರು ಕೆನರಾ ಜಿಲ್ಲೆಯನ್ನು ಸೀಳಿದರು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತಕ್ಕೆ ಬಂತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1956ರವರೆಗೂ ಉಡುಪಿಯೂ ಕುಂದಾಪುರವೂ ಮದ್ರಾಸಿನ ಲೆಕ್ಕಕ್ಕೇ. 1940ರಲ್ಲಿ ನೋಡಿದರೆ ಆ ಬೋರ್ಡು ಸರಿ. ಇವತ್ತು ನೋಡಿದರೆ ತಮಾಷೆ. ಬೋರ್ಡು ಬದಲಾಗಲಿಲ್ಲ, ಗಡಿ ಬದಲಾಯಿತು. 'ಅಸಲಿ' ಅನ್ನುವ ಮಾತನ್ನು ಯಾರಾದರೂ ಮೇಜು ಕುಟ್ಟಿ ಹೇಳಿದಾಗ ನನಗೆ ಈ ಬೋರ್ಡು ನೆನಪಾಗುತ್ತದೆ.

ಮೈಸೂರು ಮಸಾಲೆ ದೋಸೆಯ ಮಾತು ಎತ್ತುವುದೇ ಬೇಡ. ಇಲ್ಲಿಯ ಕೈಗಾಡಿಯವರು ಅದರೊಳಗೆ ಬೀಟ್‌ರೂಟ್, ಎಲೆಕೋಸು, ಬೆಣ್ಣೆ, ಕೆಲವೊಮ್ಮೆ ಚೀಸ್, ಎಲ್ಲ ಹಾಕಿ ಕಾವಲಿಯ ಮೇಲೇ ಪಾವ್‌ಭಾಜಿಯ ಹಾಗೆ ಮಸೆಯುತ್ತಾರೆ. ಮೈಸೂರಿನಿಂದ ಬಂದ ನನ್ನ ಗೆಳತಿ ಒಬ್ಬಳು ಅದನ್ನು ನೋಡಿ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಪೂರ್ತಿ ತಿಂದಳು. ಅದು ಮುಂಬಯಿಯ ತಿಂಡಿ, ಮೈಸೂರಿನ ಹೆಸರು. ಯಾರಿಗೆ ನಷ್ಟ ಆಯಿತು? ಯಾರಿಗೂ ಇಲ್ಲ. ಯಾರ ಹೊಟ್ಟೆಯ ಮೇಲೂ ಹೊಡೆದಿಲ್ಲ, ಯಾರ ಮರ್ಯಾದೆಯೂ ಹೋಗಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಈಗ ಜಗಳದ ಕಡೆಗೆ ಹೋಗುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ 2018ರ ಆಗಸ್ಟಿನಲ್ಲಿ ಒಂದು ಗಲಾಟೆ ಆಯಿತು. ಜೇಮೀ ಆಲಿವರ್ ಅನ್ನುವ ಹೆಸರಾಂತ ಬಾಣಸಿಗ ಸೂಪರ್‌ಮಾರ್ಕೆಟ್ಟಿಗೆ ಒಂದು ಅನ್ನದ ಪ್ಯಾಕೆಟ್ ತಂದರು. ಹೆಸರು 'ಪಂಚೀ ಜರ್ಕ್ ರೈಸ್'. ಜರ್ಕ್ ಅನ್ನುವುದು ಜಮೈಕಾದ್ದು. ಅಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬೆಟ್ಟ ಸೇರಿದ ಮಂದಿ ಮಾಂಸಕ್ಕೆ ಮಸಾಲೆ ಹಚ್ಚಿ ಹೊಗೆಯಲ್ಲಿ ಬೇಯಿಸುತ್ತಿದ್ದ ಅಡುಗೆ ಅದು. ಆಲ್‌ಸ್ಪೈಸ್ ಮತ್ತು ಸ್ಕಾಚ್ ಬಾನೆಟ್ ಅನ್ನುವ ಮೆಣಸಿನಕಾಯಿ ಇಲ್ಲದೆ ಜರ್ಕ್ ಇಲ್ಲ. ಪ್ಯಾಕೆಟ್ಟಿನಲ್ಲಿ ಅವೆರಡೂ ಇರಲಿಲ್ಲ ಅಂತ ಜನ ಹಿಂದೆ ತಿರುಗಿಸಿ ಓದಿ ಹೇಳಿದರು. ಮೇಲಾಗಿ ಜರ್ಕ್ ಮಾಂಸದ ವಿಧಾನ, ಅನ್ನದ್ದಲ್ಲ. ಜಮೈಕಾ ಮೂಲದ ಸಂಸದೆ ಡಾನ್ ಬಟ್ಲರ್ ಇದು ನಿಲ್ಲಬೇಕು ಅಂದರು. ನನಗೆ ಸ್ಫೂರ್ತಿ ಎಲ್ಲಿಂದ ಬಂತು ಅಂತ ತೋರಿಸಲು ಆ ಹೆಸರಿಟ್ಟೆ ಅಂತ ಆಲಿವರ್ ಹೇಳಿದರು. ನಮ್ಮಲ್ಲಿ ಬಹಳ ಜನ ಅದನ್ನು ಓದಿ ನಕ್ಕರು. ಅನ್ನಕ್ಕೆ ಎರಡು ಮಸಾಲೆ ಕಮ್ಮಿಯಾದರೆ ಪಾರ್ಲಿಮೆಂಟಿನವರು ಮಾತಾಡಬೇಕಾ ಅಂತ.

ನಾನೂ ನಕ್ಕಿದ್ದೆ. ಆಫೀಸಿನಲ್ಲಿ ಕ್ಯಾಂಟೀನ್ ಚಹಾ ಕುಡಿಯುತ್ತಾ. ಮರುವರ್ಷವೇ ನನ್ನ ಟೇಬಲ್ಲಿಗೆ ಒಂದು ಪ್ಯಾಕೆಟ್ ಬಂತು. ಅದರ ಕತೆ ಆಮೇಲೆ.

ಅದಕ್ಕೆ ಮೊದಲು ಒಂದು ತಪ್ಪು ಲೆಕ್ಕ ಸರಿಮಾಡಬೇಕು. ಪ್ಯಾಕೆಟ್ ಅಂದರೆ ಹೊರಗಿನವರು ಬಂದು ನಮ್ಮ ಅಡುಗೆ ಕದ್ದದ್ದು, ಮನೆಯಲ್ಲಿ ಮಾಡಿದ್ದೇ ನಮ್ಮದು, ಹೀಗೆ ಎರಡು ಪಾಲು ಮಾಡುವವರಿದ್ದಾರೆ. ಹಾಗಿಲ್ಲ. ಪ್ಯಾಕೆಟ್ಟನ್ನು ಕಲಿಸಿದ್ದು ನಾವೇ. ಎಂಟಿಆರ್ ಗೊತ್ತಲ್ಲ, ಮಾವಳ್ಳಿ ಟಿಫಿನ್ ರೂಮ್ಸ್. 1924ರಲ್ಲಿ ಬೆಂಗಳೂರಿನಲ್ಲಿ ಪಾರಂಪಳ್ಳಿಯ ಮಯ್ಯರು ತೆರೆದದ್ದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಿದ್ದಾಗ ರವೆಯಲ್ಲಿ ಇಡ್ಲಿ ಮಾಡಿದೆವು ಅಂತ ಅವರೇ ಹೇಳಿಕೊಳ್ಳುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ಬೆಲೆಯನ್ನು ಕಟ್ಟಿಹಾಕಿತು. ಆ ರೇಟಿಗೆ ಒಳ್ಳೆ ತಿಂಡಿ ಕೊಡಲು ಆಗುವುದಿಲ್ಲ ಅಂತಾದಾಗ ಅವರು ಪುಡಿ, ಮಿಕ್ಸ್ ಮಾಡಿ ಮಾರಲು ಹೊರಟರು. ಅಂದರೆ ರವೆ ಇಡ್ಲಿ ಮಿಕ್ಸ್ ಅನ್ನುವುದು ಯುದ್ಧದ ಕೂಸು, ಎಮರ್ಜೆನ್ಸಿಯ ಮೊಮ್ಮಗು.

ಇನ್ನು ಕುದಿಯುವ ನೀರಿಗೆ ಹಾಕಿ ಹರಿದು ಬಡಿಸುವ ಬಿಸಿಬೇಳೆಭಾತ್ ಪೊಟ್ಟಣ. ಆ ವಿದ್ಯೆಗೂ ಮೈಸೂರಿನ ನಂಟು ಇದೆ. 1961ರಲ್ಲಿ ಅಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಗಡಿಯ ಸೈನಿಕರಿಗಾಗಿ ಇಂಥ ಊಟವನ್ನು ಬೆಳೆಸಿತು. ಹಲವು ಪದರದ ಪೊಟ್ಟಣದಲ್ಲಿ ಅಡುಗೆ ತುಂಬಿ ಬಾಯಿ ಮುಚ್ಚಿ, ದೊಡ್ಡ ಪ್ರೆಶರ್ ಕುಕ್ಕರಿನಂಥ ಯಂತ್ರದಲ್ಲಿ ಸುಮಾರು 121 ಡಿಗ್ರಿ ಶಾಖ ಕೊಡುತ್ತಾರೆ. ಇದಕ್ಕೆ ರಿಟಾರ್ಟ್ ಅನ್ನುತ್ತೇವೆ. ಒಳಗಿನ ಕ್ರಿಮಿ ಸಾಯುತ್ತದೆ. ಫ್ರಿಜ್ ಬೇಡ, ಪ್ರಿಸರ್ವೇಟಿವ್ ಬೇಡ, ತಿಂಗಳುಗಟ್ಟಲೆ ಇಡಬಹುದು.

ಆದರೆ ಕ್ರಿಮಿಯ ಜೊತೆ ಇನ್ನೂ ಕೆಲವು ಸಾಯುತ್ತವೆ. ಕರಿಬೇವು ಕಪ್ಪಾಗುತ್ತದೆ. ಕೊತ್ತಂಬರಿ ಸೊಪ್ಪಿನ ಹಸಿ ವಾಸನೆ ಹೋಗುತ್ತದೆ. ತೆಂಗಿನ ಹಾಲು ಒಡೆಯುತ್ತದೆ. ಒಡೆಯಬಾರದು ಅಂದರೆ ಪಿಷ್ಟ ಹಾಕಬೇಕು. ನಿಮ್ಮಮ್ಮ ಕೋಳಿ ಸಾರಿಗೆ ಕೊನೆಯಲ್ಲಿ ದಪ್ಪ ಹಾಲು ಹಾಕಿ, ಒಂದು ಕುದಿ ಬರುತ್ತಲೇ ಒಲೆ ಆರಿಸುತ್ತಿದ್ದರಲ್ಲ, ಆ ಒಂದು ಕುದಿಯ ರುಚಿ ಪೊಟ್ಟಣಕ್ಕೆ ಬರುವುದಿಲ್ಲ. ಯಾವ ಕಂಪನಿ ಮಾಡಿದರೂ ಬರುವುದಿಲ್ಲ. ಹುಣಸೆಹಣ್ಣು ಸಲಕ್ಕೊಂದು ಹುಳಿ, ಅದಕ್ಕೆ ಸಿಟ್ರಿಕ್ ಆಸಿಡ್. ಪುಡಿ ಗಂಟು ಕಟ್ಟಬಾರದು, ಅದಕ್ಕೊಂದು ಪದಾರ್ಥ. ಇದರಲ್ಲಿ ಮೋಸ ಇಲ್ಲ. ಹಿಂದೆ ಎಲ್ಲ ಬರೆದಿರುತ್ತೇವೆ. ಯಾವುದು ಜಾಸ್ತಿಯೋ ಅದು ಮೊದಲು, ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು ಅಂತ ಕಾನೂನೇ ಇದೆ.

ಈ ಘೀ ರೋಸ್ಟ್ ಪೇಸ್ಟಿನದ್ದು ಓದುತ್ತೇನೆ. ಈರುಳ್ಳಿ, ಸೂರ್ಯಕಾಂತಿ ಎಣ್ಣೆ, ಮೆಣಸಿನಕಾಯಿ, ಉಪ್ಪು, ಸಕ್ಕರೆ, ಹುಣಸೆ... ತುಪ್ಪ ಏಳನೆಯದು. ಉಪ್ಪಿನ ನಂತರ ತುಪ್ಪ!

ಸಭೆಯಿಂದ ಒಬ್ಬರು: "ಹಾಗಾದ್ರೆ ಅದು ಉಪ್ಪು ರೋಸ್ಟ್ ಅಲ್ವಾ ಅಕ್ಕ?"

ಹೌದು. ನಿಮಗೆ ಲೇಬಲ್ ವಿಭಾಗದಲ್ಲಿ ಕೆಲಸ ಕೊಡಬಹುದು.

ಈಗ ನನ್ನ ಟೇಬಲ್ಲಿಗೆ ಬಂದ ಆ ಪ್ಯಾಕೆಟ್. 2019. ಕಂಪನಿ 'ಕರಾವಳಿ ಕೋಳಿ ಸಾರು ಮಸಾಲೆ' ತರಬೇಕು ಅಂತ ಹೊರಟಿತು. ರೆಸಿಪಿ ಎಲ್ಲಿಂದ ಬಂತು ಗೊತ್ತಾ? ನಮ್ಮದೇ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕನಿಂದ. ಬೈಂದೂರು ಕಡೆಯವರು. ಬುಧವಾರ ಅವರು ಕೋಳಿ ಸಾರು ಮಾಡಿದರೆ ಮೇಲಿನ ಮಹಡಿಯ ಸಾಹೇಬರೂ ಡಬ್ಬಿ ಬಿಟ್ಟು ಕೆಳಗೆ ಬರುತ್ತಿದ್ದರು. ಅವರನ್ನು ಪ್ರಯೋಗಾಲಯಕ್ಕೆ ಕರೆಸಿ, ಮೂರು ದಿನ ಮಸಾಲೆ ಹುರಿಸಿದರು. ಅವರು ಕೈಯಲ್ಲಿ ಹಾಕಿದ್ದನ್ನು ಹುಡುಗರು ತೂಕದ ಯಂತ್ರದಲ್ಲಿ ಗ್ರಾಮಿಗೆ ಇಳಿಸಿದರು. ಬ್ಯಾಡಗಿ ಮೆಣಸು ಎಷ್ಟು, ಕೊತ್ತಂಬರಿ ಎಷ್ಟು, ಮೆಂತೆ ಎಷ್ಟು, ಕಾಳುಮೆಣಸು ಎಷ್ಟು, ಯಾವುದರ ನಂತರ ಯಾವುದು. ಅಕ್ಕನಿಗೆ ಮೂರು ದಿನದ ಓವರ್‌ಟೈಮ್ ಸಿಕ್ಕಿತು. ಒಂದು ಸ್ಟೀಲ್ ಡಬ್ಬಿ ಸೆಟ್ಟೂ ಸಿಕ್ಕಿತು.

ಪ್ಯಾಕೆಟ್ಟಿನ ಮುಂಭಾಗದ ಡಿಸೈನ್ ಬಂತು. 'ಅಜ್ಜಿಯ ಕೈರುಚಿ, ಅಥೆಂಟಿಕ್' ಅಂತ ದೊಡ್ಡದಾಗಿ. ಪಕ್ಕದಲ್ಲಿ ನಗುತ್ತಿರುವ ಒಬ್ಬ ಅಜ್ಜಿ. ಫೋಟೋ ಕೊಂಡು ತಂದದ್ದು, ಮಾಡೆಲ್. ಒಂಬತ್ತು ಗಜದ ಕಚ್ಚೆ ಸೀರೆ, ಮೂಗಿನಲ್ಲಿ ಮುತ್ತಿನ ನತ್ತು. ಚಂದದ ಮರಾಠಿ ಅಜ್ಜಿ! ಪುಣೆಯ ಶ್ರೀಖಂಡದ ಡಬ್ಬಿಯ ಮೇಲೆ ಇದ್ದಿದ್ದರೆ ಕೈ ಮುಗಿಯುತ್ತಿದ್ದೆ. ಕುಂದಾಪುರದ ಕೋಳಿ ಸಾರಿಗೂ ಇವರಿಗೂ ಏನು ಸಂಬಂಧ? ಮಾರ್ಕೆಟಿಂಗ್ ಹುಡುಗನಿಗೆ ಹೇಳಿದೆ. ಅವನು ಒಳ್ಳೆಯ ಹುಡುಗನೇ. "ಮೇಡಂ, ಅಜ್ಜಿ ಅಂದ್ರೆ ಅಜ್ಜಿ" ಅಂದ.

ಇಲ್ಲಿ ಕಾನೂನು ಸ್ವಲ್ಪ ಕೈಹಿಡಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ನಿಯಮ ತಂದಿತು. 'ನ್ಯಾಚುರಲ್', 'ಫ್ರೆಶ್', 'ಒರಿಜಿನಲ್', 'ಟ್ರೆಡಿಷನಲ್', 'ಅಥೆಂಟಿಕ್' ಇಂಥ ಪದಗಳನ್ನು ಮನಬಂದಂತೆ ಹಾಕುವ ಹಾಗಿಲ್ಲ. 'ಟ್ರೆಡಿಷನಲ್' ಅನ್ನಬೇಕಾದರೆ ಆ ವಿಧಾನ ತಲೆಮಾರುಗಳಿಂದ ಹೆಚ್ಚು ಬದಲಾಗದೆ ಬಂದಿರಬೇಕು. ಬ್ರ್ಯಾಂಡಿನ ಹೆಸರಲ್ಲೇ ಇಂಥ ಪದ ಇದ್ದು ಜನ ಮೋಸಹೋಗುವಂತಿದ್ದರೆ, ಇದು ಬರೀ ಬ್ರ್ಯಾಂಡ್ ಹೆಸರು, ಪದಾರ್ಥದ ಗುಣ ಅಲ್ಲ ಅಂತ ಕನಿಷ್ಠ 3 ಮಿಲಿಮೀಟರ್ ಅಕ್ಷರದಲ್ಲಿ ಬರೆಯಬೇಕು. ನಾನು ಆ ನಿಯಮ ಹಿಡಿದು ಕೂತೆ. ಎರಡು ವಾರ ಮೀಟಿಂಗ್ ಆಯಿತು. ಕೊನೆಗೆ 'ಅಥೆಂಟಿಕ್' ಹೋಯಿತು. ಅಜ್ಜಿ ಉಳಿದರು. ಮೂಗಿನ ನತ್ತನ್ನು ಕಂಪ್ಯೂಟರಿನಲ್ಲಿ ಅಳಿಸಿ ಕುಂದಾಪುರದವರನ್ನಾಗಿ ಮಾಡಿದರು! ಅದಕ್ಕೆ ಸಹಿ ಹಾಕಿದವಳು ನಾನೇ. ಕೆಲಸ ಬಿಡಲಿಲ್ಲ, ಜಗಳ ಆಡಲಿಲ್ಲ. ಮಗಳ ಕಾಲೇಜು ಫೀಸು ಇತ್ತು.

ಪ್ಯಾಕೆಟ್ ಬಂದ ದಿನ ಕ್ಯಾಂಟೀನಿನ ಅಕ್ಕನಿಗೆ ಒಂದು ತೆಗೆದುಕೊಂಡು ಹೋಗಿ ಕೊಟ್ಟೆ. ಅವರು ಮುಂದೆ ನೋಡಿದರು, ಹಿಂದೆ ತಿರುಗಿಸಿದರು. "ಇದ್ರಗೆ ನನ್ ಹೆಸ್ರ್ ಎಲ್ಲ್ ಇತ್?" ಅಂತ ಕೇಳಿದರು. ತಮಾಷೆಗೇ ಕೇಳಿದ್ದು. ನಾನು ನಗಲು ಹೋದೆ, ಆಗಲಿಲ್ಲ. ಅವರು ಪೊಟ್ಟಣ ಹರಿದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, ಕಾಳುಮೆಣಸು ಕಮ್ಮಿ ಹಾಕಿದ್ದಾರೆ ಅಂದರು. ಸರಿಯಾಗಿಯೇ ಹೇಳಿದ್ದರು. ಕಾಳುಮೆಣಸು ದುಬಾರಿ ಅಂತ ಆಮೇಲೆ ಕಡಿಮೆ ಮಾಡಿದ್ದರು.

ಜಮೈಕಾದವರ ಸಿಟ್ಟು ನನಗೆ ತಿಳಿದದ್ದು ಅಲ್ಲಿ. ರುಚಿ ಬದಲಾಯಿತು ಅನ್ನುವುದಲ್ಲ ವಿಷಯ. ಅಮ್ಮನೂ ರುಚಿ ಬದಲಾಯಿಸುತ್ತಾಳೆ. ಮಸಾಲೆ ಕೊಟ್ಟವಳ ಹೆಸರು ಪ್ಯಾಕೆಟ್ಟಿನಲ್ಲಿಲ್ಲ, ಕೊಡದವಳ ಮುಖ ಇದೆ. ಯಾರದ್ದೋ ಮನೆಯ ಪ್ರೀತಿಯನ್ನು ಮಾರುತ್ತಿದ್ದಾರೆ, ಆ ಮನೆಯವರು ಎಲ್ಲೂ ಇಲ್ಲ. ಜರ್ಕ್ ಅನ್ನದ ವಿಷಯವೂ ಹೆಚ್ಚು ಕಡಿಮೆ ಇದೇ.

ಇದಕ್ಕಿಂತ ಕಹಿಯಾದ್ದು ಇನ್ನೊಂದಿದೆ. ಮುಂಬಯಿಯವರಾದ ನಿಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

1994ರಲ್ಲಿ ನಾನೂ ನಮ್ಮ ಯಜಮಾನರೂ ಬಾಡಿಗೆ ಮನೆ ಹುಡುಕುತ್ತಿದ್ದೆವು. ಎಸ್ಟೇಟ್ ಏಜೆಂಟ್ ಮೊದಲ ಪ್ರಶ್ನೆ ಕೇಳುತ್ತಿದ್ದದ್ದು ಬಾಡಿಗೆಯ ಬಗ್ಗೆ ಅಲ್ಲ. "ನಾನ್‌ವೆಜ್?" ಅಷ್ಟೇ. ಹೌದು ಅಂದರೆ ಕೀಲಿ ಜೇಬಿಗೆ ವಾಪಸ್. ಒಂದು ಕಟ್ಟಡದಲ್ಲಿ ಹೇಗೋ ಸಿಕ್ಕಿತು. ಅಲ್ಲಿ ಬಂಗುಡೆ ಹುರಿಯುವುದು ಅಂದರೆ ಕಳ್ಳತನದ ಹಾಗೆ. ಎದುರು ಮನೆಯವರು ದೇವಸ್ಥಾನಕ್ಕೆ ಹೋಗುವ ಹೊತ್ತು ನೋಡಿಕೊಂಡು, ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ಊದುಬತ್ತಿ ಹಚ್ಚಿ ಹುರಿಯಬೇಕು. ಊರಿನಿಂದ ಬಂದ ಅಮ್ಮನಿಗೆ ಇದು ಅರ್ಥವೇ ಆಗಲಿಲ್ಲ. "ಮೀನ್ ತಿಂಬ್ದ್ ಪಾಪವಾ?" ಅಂದಳು. ಆದರೂ ಸೊಸೈಟಿಯ ಸೆಕ್ರೆಟರಿಯಿಂದ ಎರಡು ಚೀಟಿ ಬಂತು. 'ದುರ್ವಾಸನೆ' ಅಂತ ಬರೆದಿತ್ತು. ಅಮ್ಮನ ಕೈಯ ಸಾರಿಗೆ ಆ ಪದ. 11 ತಿಂಗಳ ಕರಾರು ಮುಗಿದ ದಿನ ಖಾಲಿ ಮಾಡಿದೆವು.

ಕಳೆದ ವರ್ಷ ಅದೇ ಬೀದಿಗೆ ಹೋಗಿದ್ದೆ. ಕಟ್ಟಡದ ಎದುರು ಏಸಿ ಹಾಕಿದ ಸೂಪರ್‌ಮಾರ್ಕೆಟ್ ಬಂದಿದೆ. ಕಪಾಟಿನಲ್ಲಿ 'ಕೋಸ್ಟಲ್ ಫ್ಲೇವರ್ಸ್' ಅಂತ ಒಂದು ಸಾಲು. ಘೀ ರೋಸ್ಟ್, ಗಸಿ, ಸುಕ್ಕಾ, ಎಲ್ಲಾ ಪೇಸ್ಟ್ ರೂಪದಲ್ಲಿ. ಪ್ಯಾಕೆಟ್ಟಿನ ಮೇಲೆ ಪನೀರಿನ ಫೋಟೋ. ಸುಕ್ಕಾಕ್ಕೆ ಅಣಬೆ. ಪನೀರ್ ಘೀ ರೋಸ್ಟ್ ತಿನ್ನಬಾರದಾ? ತಿನ್ನಲಿ ಮಾರಾಯ್ರೆ, ನಾನೂ ತಿಂದಿದ್ದೇನೆ, ಚೆನ್ನಾಗಿರುತ್ತದೆ. ಆದರೆ ಅಮ್ಮನ ಆ ಮಸಾಲೆ ನಮ್ಮ ಅಡುಗೆಮನೆಯಲ್ಲಿದ್ದಾಗ ದುರ್ವಾಸನೆ, ಪ್ಯಾಕೆಟ್ಟಿನಲ್ಲಿ ಬಂದಾಗ ಫ್ಲೇವರ್. ಆ ಕಟ್ಟಡದಲ್ಲಿ ಇವತ್ತಿಗೂ ಏಜೆಂಟ್ ಕೇಳುವ ಮೊದಲ ಪ್ರಶ್ನೆ ಅದೇ. ವಿಚಾರಿಸಿ ಬಂದೆ. ರುಚಿ ಬೇಕು, ಮಂದಿ ಬೇಡ. ಸ್ವಾಧೀನ ಅನ್ನುವ ದೊಡ್ಡ ಪದವನ್ನು ಇಂಥದ್ದಕ್ಕೆ ಬಳಸುವುದಾದರೆ ನನ್ನ ಅಡ್ಡಿ ಇಲ್ಲ. ಮೈಸೂರು ಮಸಾಲೆಗೆ ಬೀಟ್‌ರೂಟ್ ಹಾಕಿದವನ ಮೇಲೆ ಅದನ್ನು ಬಳಸಬೇಡಿ, ಪಾಪ.

ಹಾಗಂತ ನಾವು ಬರೀ ಕಳಕೊಂಡವರು ಅಂತ ಕೂತರೆ ಅದೂ ಸುಳ್ಳು. ಈ ಎರಡನೇ ಬಾಟಲಿ ನೋಡಿ. ಷೆಜ್ವಾನ್ ಅಂದರೆ ಚೀನಾದ ಸಿಚುವಾನ್ ಪ್ರಾಂತ. ಅಲ್ಲಿಯ ಅಡುಗೆಯ ಜೀವ ಇರುವುದು ಸಿಚುವಾನ್ ಪೆಪ್ಪರ್ ಅನ್ನುವ ಕಾಯಿಯಲ್ಲಿ. ನಾಲಿಗೆ ಜುಮ್ ಅನ್ನಿಸುತ್ತದೆ. ನಮ್ಮ ಬಾಟಲಿಯಲ್ಲಿ ಅದು ಇಲ್ಲ. ಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ, ವಿನೆಗರ್ ಇವೆ. ಉಡುಪಿ ಹೋಟೆಲುಗಳು ಚೈನೀಸ್ ಬೋರ್ಡು ಹಾಕಿದ ಮೇಲೆ ಇದನ್ನು ದೋಸೆಗೂ ಬಳಿದವರು ನಾವೇ. ನಮ್ಮ ಅಪ್ಪಯ್ಯನ ಹೋಟೆಲಿನಲ್ಲೂ ಷೆಜ್ವಾನ್ ದೋಸೆ ಇತ್ತು. ಜಾಸ್ತಿ ಖರ್ಚಾಗುತ್ತಿದ್ದದ್ದು ಅದೇ. ಸಿಚುವಾನಿನ ಒಬ್ಬರನ್ನೂ ನಾವು ಕೇಳಲಿಲ್ಲ. ಕೊಟ್ಟ ಹೆಸರೂ ಅಡ್ಡಾದಿಡ್ಡಿ. 'ಷೆಜ್ವಾನ್ ಚಟ್ನಿ' ಅನ್ನುವ ಆ ಹೆಸರು ಯಾರದ್ದು ಅಂತ ಇಲ್ಲಿಯ ಕಂಪನಿಗಳೇ ಕೋರ್ಟು ಮೆಟ್ಟಿಲು ಹತ್ತಿವೆ.

ಇದರಲ್ಲಿ ನನಗೆ ಬಹಳ ಮಜಾ ಅನ್ನಿಸುವ ಸಂಗತಿ ಬೇರೆ. ಆ ಸಿಚುವಾನ್ ಕಾಯಿಯ ಹತ್ತಿರದ ನೆಂಟ ನಮ್ಮ ಕಡೆಯೇ ಇದೆ. ತೆಪ್ಪಲ್! ಮರಾಠಿಯವರು ತಿರ್ಫಳ ಅನ್ನುತ್ತಾರೆ. ಗೋವಾದವರು, ಮಾಲ್ವಣದವರು, ಕಾರವಾರದವರು ಬಂಗುಡೆ ಸಾರಿಗೆ ಹಾಕುವ ಅದೇ ಕಾಯಿ. ಗಿಡದ ಕುಲ ಒಂದೇ. ಅದೇ ಜುಮ್. ಅಂದರೆ ಸಿಚುವಾನಿನ ರುಚಿಯ ಹತ್ತಿರ ಹೋಗುವ ಕಾಯಿ ದಾದರ್ ಮಾರುಕಟ್ಟೆಯಲ್ಲೇ ಸಿಗುತ್ತದೆ. ಡ್ರ್ಯಾಗನ್ ಬಾಟಲಿಗೆ ಅದನ್ನು ಹಾಕಿದವರನ್ನು ನಾನು ಕಂಡಿಲ್ಲ.

ಮೊದಲ ಪ್ಯಾಕೆಟ್, ವಾಂಗಿಭಾತ್. ಇದರ ಮೇಲೆ 'ಕರ್ನಾಟಕದ ಅಸಲಿ ರುಚಿ' ಅಂತ ಇದೆ. ನಮ್ಮವರಿಗೆ ಹೆಮ್ಮೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಮಾತ್ರ ಇದನ್ನು ಓದಿ ಹುಬ್ಬೇರಿಸುತ್ತಾರೆ. ವಾಂಗಿ ಮರಾಠಿ ಪದ, ಬದನೆಕಾಯಿ. ಭಾತ್ ಅಂದರೆ ಅನ್ನ. ಬಿಸಿಬೇಳೆಯ ಬಾಲದಲ್ಲಿರುವುದೂ ಅದೇ ಭಾತ್. ಬೆಂಗಳೂರಿನಲ್ಲಿ ಬೋರ್ಡಿನ ಭಾಷೆಗೆ ಹೋರಾಡಿ ಬಂದವರು ಮನೆಯಲ್ಲಿ ಬದನೆಕಾಯಿ ಅನ್ನ ತಿನ್ನುವುದಿಲ್ಲ, ವಾಂಗಿಭಾತೇ ತಿನ್ನುತ್ತಾರೆ. ಈ ಕಡೆ ಮರಾಠಿಯವರದ್ದೂ ವಾಂಗಿ ಭಾತ್ ಇದೆ, ಗೋಡಾ ಮಸಾಲೆ ಹಾಕಿದ್ದು, ರುಚಿ ಬೇರೆ. ಸಾಂಬಾರ್ ಅನ್ನುವ ಹೆಸರು ಶಿವಾಜಿಯ ಮಗ ಸಂಭಾಜಿಯಿಂದ ಬಂತು ಅನ್ನುವ ಕತೆಯನ್ನು ಇಲ್ಲಿ ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಅದು ಕತೆಯಷ್ಟೇ, ಆದರೆ ಕೇಳಲು ಚಂದ. ಮೆಣಸಿನಕಾಯಿ, ಬಟಾಟೆ, ಪಾವ್ ಎಲ್ಲ ಪೋರ್ಚುಗೀಸರ ಹಡಗಿನ ಬಳುವಳಿ. ವಡಾ ಪಾವಿನಿಂದ ಅವನ್ನು ತೆಗೆದರೆ ಉಳಿಯುವುದು ಕಡಲೆಹಿಟ್ಟು.

ಇಡ್ಲಿಯ ಮಾತೂ ಹೀಗೇ. ಹತ್ತನೇ ಶತಮಾನದ ವಡ್ಡಾರಾಧನೆಯಲ್ಲೇ 'ಇಡ್ಡಲಿಗೆ' ಬರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 1130ರ ಸುಮಾರಿನ ಮಾನಸೋಲ್ಲಾಸದಲ್ಲೂ ಇದೆ. ಅದು ಉದ್ದಿನದ್ದು, ಅಕ್ಕಿ ಸೇರಿದ್ದು ಆಮೇಲೆ. ಹಾಗಾದರೆ ಅಸಲಿ ಇಡ್ಲಿ ಯಾವುದು? ಪ್ಯಾಕೆಟ್ಟಿನ ಹಿಟ್ಟಿನದ್ದೋ, ಅಮ್ಮ ರುಬ್ಬಿದ್ದೋ, ಸೋಮೇಶ್ವರನದ್ದೋ?

ಒಬ್ಬ ಹಿರಿಯರು ಮುಂದಿನ ಸಾಲಿನಿಂದ: "ಬಿಸಿಯಾಗಿ ತಟ್ಟೆಗೆ ಬಿದ್ದದ್ದು."

ಸರಿ ಸರ್, ಅದನ್ನೇ ಬರೆದುಕೊಳ್ಳುತ್ತೇನೆ.

ದುಡ್ಡಿನ ವಿಷಯ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. 2007ರಲ್ಲಿ ಒಂದು ಕಾಕತಾಳೀಯ ನಡೆಯಿತು. ಎಂಟಿಆರ್ ಫುಡ್ಸನ್ನು ನಾರ್ವೆಯ ಒರ್ಕ್ಲಾ ಕೊಂಡಿತು. ಅದೇ ವರ್ಷ ಇಂಗ್ಲೆಂಡಿನ ಪಟಾಕ್ಸ್ ಅನ್ನುವ ಕರಿ ಪೇಸ್ಟ್ ಕಂಪನಿಯನ್ನು ಅಲ್ಲಿಯ ದೊಡ್ಡ ಕಂಪನಿ ಅಸೋಸಿಯೇಟೆಡ್ ಬ್ರಿಟಿಷ್ ಫುಡ್ಸ್ ಕೊಂಡಿತು. ಪಟಾಕ್ಸ್ ಕಟ್ಟಿದ ಗುಜರಾತಿ ಕುಟುಂಬ ಕೀನ್ಯಾದಿಂದ 1956ರಲ್ಲಿ ಇಂಗ್ಲೆಂಡಿಗೆ ಹೋದದ್ದು. ಅಸಲು ಹೆಸರು ಪಾಠಕ್. ಬಿಳಿಯರಿಗೆ ಹೇಳಲು ಸುಲಭವಾಗಲಿ ಅಂತ ನಡುವಿನ ಒತ್ತನ್ನು ಬಿಟ್ಟರು. ಮನೆಯ ಅಡುಗೆಕೋಣೆಯಲ್ಲಿ ಸಮೋಸ ಮಾಡಿ ಮಾರುತ್ತಾ ಶುರುವಾದದ್ದು. ಈ ಎರಡು ಮಾರಾಟವನ್ನು ಲೂಟಿ ಅಂತ ಕರೆಯಲಾಗುವುದಿಲ್ಲ. ಮಾರಿದವರು ತಿಳಿದೇ ಮಾರಿದರು, ಬೆಲೆ ಪಡೆದೇ ಮಾರಿದರು. ಕ್ಯಾಂಟೀನಿನ ಅಕ್ಕನಿಗೆ ಸಿಕ್ಕಿದ್ದು ಡಬ್ಬಿ ಸೆಟ್. ವ್ಯತ್ಯಾಸ ಅಷ್ಟೇ.

ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಇದಕ್ಕೆ ಮದ್ದಲ್ವಾ ಅಂತ ಕೇಳುತ್ತಾರೆ. ಬ್ಯಾಡಗಿ ಮೆಣಸಿಗೆ 2011ರಲ್ಲಿ ಸಿಕ್ಕಿದೆ, ಉಡುಪಿಯ ಮಟ್ಟುಗುಳ್ಳ ಬದನೆಗೂ ಇದೆ, ಗೋವಾದ ಫೆನಿಗೆ 2009ರಲ್ಲೇ ಸಿಕ್ಕಿತು. ಅದು ಒಂದು ನೆಲದ ಬೆಳೆಯ, ಒಂದು ಊರಿನ ಕಸುಬಿನ ಹೆಸರನ್ನು ಕಾಯುತ್ತದೆ. ಕ್ಯಾಂಟೀನಿನ ಅಕ್ಕನ ಕೋಳಿ ಸಾರನ್ನು ಅದು ಕಾಯಲಾರದು. ಅಂದಹಾಗೆ ಕೊಲ್ಹಾಪುರಿ ಚಪ್ಪಲಿಯ ಟ್ಯಾಗಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. 2025ರಲ್ಲಿ ಮಿಲಾನಿನ ಫ್ಯಾಶನ್ ಶೋದಲ್ಲಿ ಅಂಥದ್ದೇ ಚಪ್ಪಲಿ ಹೆಸರಿಲ್ಲದೆ ನಡೆದಾಡಿದಾಗ ಇಲ್ಲಿ ಎಷ್ಟು ಗದ್ದಲ ಆಯಿತು ನೋಡಿದಿರಿ. ಚಪ್ಪಲಿಗೆ ಆದ ಗದ್ದಲ ಸಾರಿಗೆ ಯಾಕೆ ಆಗಲಿಲ್ಲ ಅಂದರೆ, ಅಡುಗೆಯನ್ನು ನಾವೇ ಕಸುಬು ಅಂತ ಲೆಕ್ಕಕ್ಕೆ ಹಿಡಿದಿಲ್ಲ. ಮನೆ ಹೆಂಗಸು ಸುಮ್ನೆ ಮಾಡುವ ಕೆಲಸ ಅಂದುಕೊಂಡಿದ್ದೇವೆ. ಸುಮ್ನೆ ಮಾಡಿದ್ದಕ್ಕೆ ಯಾರು ದುಡ್ಡು ಕೊಡುತ್ತಾರೆ?

ಬೇರೆ ದಾರಿಯೇ ಇಲ್ಲ ಅಂತಲ್ಲ. ಇದೇ ಊರಿನ ಗಿರಗಾಂವಿನಲ್ಲಿ 1959ರಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ಹಪ್ಪಳ ಲಟ್ಟಿಸಲು ಕೂತರು. ಅದೇ ಲಿಜ್ಜತ್. ಹಪ್ಪಳವೂ ಪ್ಯಾಕೆಟ್ಟೇ, ಅದೂ ಸೂಪರ್‌ಮಾರ್ಕೆಟ್ಟಿನಲ್ಲೇ ಇದೆ. ಆದರೆ ಲಟ್ಟಿಸುವವರೇ ಒಡತಿಯರು.

ನಮ್ಮ ಅತ್ತೆಯ ಊರು ಅಕ್ಕಲಕೋಟೆ. ಸೋಲಾಪುರ ಜಿಲ್ಲೆ, ಮನೆಮಾತು ಕನ್ನಡ. ಅಲ್ಲಿಯ ಹೆಂಗಸರು ಗುಂಪು ಕಟ್ಟಿಕೊಂಡು ಜೋಳದ ಖಡಕ್ ರೊಟ್ಟಿ ಮಾಡಿ ಮುಂಬಯಿಗೂ ಪುಣೆಗೂ ಕಳಿಸುತ್ತಾರೆ. ಜೋಳದ ರೊಟ್ಟಿ ಅಂದರೆ ಬಡವರ ಊಟ ಅಂತ ಮದುವೆ ಮನೆಯಲ್ಲಿ ಮುಚ್ಚಿಡುತ್ತಿದ್ದ ಕಾಲವನ್ನು ಅತ್ತೆ ಕಂಡಿದ್ದರು. ಈಗ ಅದೇ ಜೋಳದ ರೊಟ್ಟಿಯನ್ನು ತೆಳ್ಳಗೆ ಕತ್ತರಿಸಿ, ಮೇಲೆ ಪೆರಿಪೆರಿ ಉದುರಿಸಿ, 'ಏನ್ಷಂಟ್ ಗ್ರೇನ್ ಕ್ರಿಸ್ಪ್ಸ್' ಅಂತ ಕೈಬೆರಳಷ್ಟು ಪ್ಯಾಕೆಟ್ಟಿಗೆ 90 ರೂಪಾಯಿ ತೆಗೆದುಕೊಳ್ಳುತ್ತಾರೆ. ಅತ್ತೆಗೆ ಅದನ್ನು ಒಮ್ಮೆ ತೋರಿಸಿದ್ದೆ. ಒಂದು ತಿಂದು, "ರೊಟ್ಟಿ ಮುರದ್ ಹಾಕ್ಯಾರ" ಅಂದು ಪಕ್ಕಕ್ಕಿಟ್ಟರು.

ಇಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಆಂಟಿ, ಹಾಗಾದ್ರೆ ನೀವು ಪ್ಯಾಕೆಟ್ ತರೋದೇ ಇಲ್ವಾ?"

ತರುತ್ತೇನಮ್ಮ. ದೋಸೆ ಹಿಟ್ಟು ತರುತ್ತೇನೆ. ಲೋಕಲ್ ಟ್ರೇನಿನಲ್ಲಿ ದಿನಕ್ಕೆ ಮೂರು ಗಂಟೆ ನೇತಾಡುವ ಹೆಂಗಸಿಗೆ ರುಬ್ಬು ಅಂತ ಹೇಳುವ ಗಂಡಸು ಮೊದಲು ತಾನು ಅಕ್ಕಿ ನೆನೆಹಾಕಲಿ. ಹಿಟ್ಟಿನ ಪ್ಯಾಕೆಟ್ ಬಂದ ಮೇಲೆ ನನ್ನ ಭಾನುವಾರ ನನಗೆ ವಾಪಸ್ ಸಿಕ್ಕಿತು. ನಾನು ಮಾಡುವುದು ಇಷ್ಟೇ. ಮುಂಭಾಗ ಓದುವುದಿಲ್ಲ, ಹಿಂಭಾಗ ಓದುತ್ತೇನೆ. ಅಜ್ಜಿ ಕಂಡರೆ ಕೆಳಗಿಡುತ್ತೇನೆ. ಊರಿನ ಹೆಸರು ಇದ್ದರೆ ಆ ಊರಿನವರು ಯಾರಾದರೂ ಆ ಪ್ಯಾಕೆಟ್ಟಿನ ಹಿಂದೆ ಇದ್ದಾರಾ ಅಂತ ವಿಳಾಸ ನೋಡುತ್ತೇನೆ. ಬಹಳ ಸಲ ಇರುವುದಿಲ್ಲ, ಆದರೂ ಹಸಿವಾಗಿದ್ದರೆ ಕೊಂಡುಬಿಡುತ್ತೇನೆ. ನಾನೇನು ಸನ್ಯಾಸಿ ಅಲ್ಲ.

ಕ್ಯಾಂಟೀನಿನ ಅಕ್ಕ ಈಗ ಡೊಂಬಿವಲಿಯಲ್ಲಿ ಮನೆಯಿಂದಲೇ ಮಸಾಲೆ ಹುಡಿ ಮಾಡಿ ಕೊಡುತ್ತಾರೆ. ಲೈಸೆನ್ಸ್ ನಂಬರ್ ಮಾಡಿಸಿಕೊಟ್ಟದ್ದು ನಾನು. ಲೇಬಲ್ಲೂ ನಾನೇ ಬರೆದೆ. ಮುಂಭಾಗದಲ್ಲಿ ಅವರ ಹೆಸರಿದೆ, ಫೋಟೋ ಬೇಡ ಅಂದರು. ಕಾಳುಮೆಣಸು ಈ ಸಲ ಸರಿಯಾಗಿದೆ.

ಅದರ ಇಪ್ಪತ್ತು ಪ್ಯಾಕೆಟ್, ಅಕ್ಕಲಕೋಟೆಯ ರೊಟ್ಟಿ ಹದಿನೈದು ಕಟ್ಟು, ಹಿಂದಿನ ಬೆಂಚಿನ ಮೇಲೆ ಇಟ್ಟಿದ್ದೇನೆ. ಚಹಾ ಕುಡಿದು ಬನ್ನಿ. ಶೇಂಗಾ ಚಟ್ನಿಗೆ ದುಡ್ಡು ಬೇರೆ. ದಯವಿಟ್ಟು ಚಿಲ್ಲರೆ ತನ್ನಿ, ನನ್ನ ಹತ್ತಿರ ಇಲ್ಲ.